ನೊಣಗಳಿಗೆ ಅಡುಗೆ ಮಾಡಿದ ನಮ್ಮತ್ತಿಗೆ

ನಮ್ಮತ್ತಿಗೆ ಇಪ್ಪತ್ತೆರಡು ವರ್ಷ ನೊಣಗಳಿಗೆ ಅಡುಗೆ ಮಾಡಿದರು. ಕೇಳಿದವರು ನಗುತ್ತಾರೆ, ಆದರೆ ಅದೇ ಅವರ ನೌಕರಿ. ಮಿದುಳು ಸವೆಯುವ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಯುತ್ತಿದ್ದ ಪ್ರಯೋಗಾಲಯದಲ್ಲಿ, ಮಾಗಿದ ಹಣ್ಣಿಗೆ ಮುತ್ತುವ ಪುಟ್ಟ ನೊಣಗಳನ್ನು ಗಾಜಿನ ಸೀಸೆಗಳಲ್ಲಿ ಸಾಕುತ್ತಿದ್ದರು. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ನೊಣದ ಮೈಗೆ ಪುಷ್ಟಿ ಕೊಡುವ ಯೀಸ್ಟ್ ಸೇರಿಸಿ ಗಂಜಿ ಕುದಿಸಿ, ಸೀಸೆಗೆ ಎರಡು ಬೆರಳಷ್ಟು ಸುರಿದು ಆರಿಸುವುದು ಅತ್ತಿಗೆಯ ಕೆಲಸ.

"ಉಪ್ಪಿಲ್ಲ, ಖಾರ ಇಲ್ಲ ಅಂತ ಒಂದು ನೊಣಾನೂ ಗೊಣಗಿಲ್ಲ. ನಿಮ್ಮಣ್ಣನ ಹಾಗಲ್ಲ" ಎನ್ನುತ್ತಿದ್ದರು.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ದೊಡ್ಡ ವಿಜ್ಞಾನಿ. ಆದರೂ ದಿನವೂ ಹನ್ನೊಂದಕ್ಕೆ ಆ ಅಡುಗೆಮನೆಗೆ ಬಂದು, ಕುಂಟುವ ಸ್ಟೂಲಿನ ಮೇಲೆ ಕುಳಿತು, ಅತ್ತಿಗೆಯ ಜೊತೆ ಚಹಾ ಕುಡಿಯುತ್ತಿದ್ದರು.

"ಅಕ್ಕಾ, ಒಂದೊಂದು ಜೀವಕೋಶಾನೂ ಒಂದೊಂದು ಮನೆ ಅನ್ಕೊಳ್ಳಿ. ಕೆಟ್ಟ ಪ್ರೋಟೀನು ಅದರೊಳಗಿನ ಕಸ. ಮಿದುಳಿನ ಕೋಶ ಗುಡಿಸೋದು ಬಿಟ್ರೆ ಕಸ ಉಂಡೆ ಕಟ್ಟುತ್ತೆ, ಕೋಶ ಸಾಯುತ್ತೆ. ಆಮೇಲೆ ಮನುಷ್ಯ ಹೆತ್ತ ಮಕ್ಕಳ ಹೆಸರೇ ಮರೀತಾನೆ" ಎಂದಿದ್ದರು ಮೇಡಂ ಒಮ್ಮೆ.

"ಗುಡಿಸೋಕೇನು ಸೋಮಾರಿತನ ಅದಕ್ಕೆ?"

"ಹೊಟ್ಟೆ ತುಂಬಿದ್ರೆ ಸೋಮಾರಿತನಾನೇ! ಹಸಿದ್ರೆ ನೋಡಿ, ಮೂಲೆಮೂಲೆ ಕೆರೆದು ತನ್ನ ಕಸವನ್ನೇ ತಿನ್ನುತ್ತೆ."

ಈ ಮಾತುಗಳನ್ನು ಅತ್ತಿಗೆ ಮನೆಯಲ್ಲಿ ನಮಗೆಲ್ಲ ಒಪ್ಪಿಸುತ್ತಿದ್ದರು. ಆ ಅರ್ಧ ಗಂಟೆಯೇ ಅವರ ಇಡೀ ದಿನದ ಸಂಪತ್ತು.

ಆಗ ಬಂದಳು ಹೊಸ ಸಂಶೋಧಕಿ. ಕೋಶದ ಕಸ ತೆಗೆಸುವ ಒಂದು ಮದ್ದನ್ನು ಆ ಕಾಯಿಲೆ ಬರಿಸಿದ ನೊಣಗಳಿಗೆ ಉಣಿಸಿ ನೋಡುವುದು ಅವಳ ಪ್ರಯೋಗ. ಮೊದಲ ವಾರವೇ ಮೇಡಂ ಚಹಾದ ಲೋಟ ಹಿಡಿದು ಅವಳ ಮೇಜಿನತ್ತ ಹೋದರು. ಎರಡನೆಯ ವಾರ ಸ್ಟೂಲೂ ಅಲ್ಲಿಗೇ ಹೋಯಿತು.

"ಆಂಟಿ ಅಂತಾಳೆ ನನ್ನ! ನೊಣ ಎಣಿಸೋಕೆ ಬಂದೋಳಿಗೆ ಅಷ್ಟುದ್ದ ಕಿವಿಯೋಲೆ ಯಾಕಂತೆ?" ಎಂದು ಅತ್ತಿಗೆ ಕುದಿದರು.

"ಯಾಕೆ, ನೊಣಕ್ಕೆ ಕಣ್ಣಿಲ್ವೇನೇ?" ಎಂದು ಅಣ್ಣ ನಕ್ಕದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು.

ಮದ್ದು ಬೆರೆಸುವ ಗಂಜಿಗೆ ಬೇರೆ ಪಾತ್ರೆಯಿತ್ತು. ಅತ್ತಿಗೆ ಆ ಪಾತ್ರೆಗೆ ಮಾತ್ರ ಆರು ಚಮಚ ಯೀಸ್ಟಿನ ಬದಲು ಮೂರೇ ಹಾಕತೊಡಗಿದರು. ನೊಣಗಳು ಸೊರಗಲಿ, ಹುಡುಗಿಯ ಪ್ರಯೋಗ ಮಣ್ಣುಪಾಲಾಗಲಿ, ಸ್ಟೂಲು ಮರಳಿ ಬರಲಿ ಎಂಬುದಷ್ಟೇ ಆಸೆ.

ತಿಂಗಳ ಮೇಲೆ ಪರೀಕ್ಷೆ. ಸೀಸೆಯನ್ನು ಮೇಜಿಗೆ ಕುಟ್ಟಿದರೆ ನೊಣಗಳು ತಳಕ್ಕೆ ಬೀಳುತ್ತವೆ. ಹತ್ತು ಸೆಕೆಂಡಿನಲ್ಲಿ ಎಷ್ಟು ನೊಣ ಸೀಸೆಯ ಮೇಲೆಳೆದ ಗೆರೆ ದಾಟಿ ಮೇಲೇರಿದವೆಂದು ಎಣಿಸಬೇಕು; ಕಾಯಿಲೆ ಬಲಿತ ನೊಣ ಹತ್ತಲಾರದು. ಅತ್ತಿಗೆ ಬಾಗಿಲ ಬಳಿ ನಿಂತು ನೋಡಿದರು. ಮದ್ದಿಲ್ಲದ ಸೀಸೆಯಲ್ಲಿ ಇಪ್ಪತ್ತಕ್ಕೆ ಐದು ಹತ್ತಿದವು. ಮದ್ದಿನ ಸೀಸೆಯಲ್ಲಿ ಹದಿನಾರು!

ಮೇಡಂ ಹುಡುಗಿಯನ್ನು ತಬ್ಬಿಕೊಂಡರು. "ನಿನ್ನ ಮದ್ದು ಗೆದ್ದಿತು ಕಣೇ! ಸೋಮವಾರದ ಸಭೆಯಲ್ಲಿ ನೀನೇ ಹೇಳು."

ಹಸಿದ ಕೋಶದ ಮಾತು ಅತ್ತಿಗೆಗೆ ಆಗ ನೆನಪಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ನೌಕರಿಗೆ ಕುತ್ತಿರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಮೇಡಂ ತಮ್ಮನ್ನು ಒಮ್ಮೆಯೂ ತಬ್ಬಿಕೊಂಡಿರಲಿಲ್ಲ.

"ಅವಳ ಮದ್ದಲ್ಲ ಅದು! ನನ್ನ ಗಂಜಿ!"

ಇಬ್ಬರೂ ತಿರುಗಿ ನೋಡಿದರು.

"ಯೀಸ್ಟು ಅರ್ಧವೇ ಹಾಕಿದ್ದೆ. ತಿಂಗಳಿಡೀ. ಹೊಟ್ಟೆಕಿಚ್ಚಿಗೆ."

ಹುಡುಗಿ ಸ್ಟೂಲಿನ ಮೇಲೆ ಕುಸಿದಳು. ಮೇಡಂ ಎಣಿಕೆಯ ಹಾಳೆಗೆ ಅಡ್ಡಗೆರೆ ಎಳೆದರು.

"ಸೋಮವಾರ ನಾವು ಸುಳ್ಳು ಹೇಳ್ತಿದ್ವಿ ಅಕ್ಕಾ. ಈಗ ಬಾಯಿಬಿಟ್ಟಿದ್ದಕ್ಕೆ ನಿಮ್ಮ ಕೆಲಸ ಉಳೀತು. ಮಾಡಿದ್ದಕ್ಕೆ, ಯೀಸ್ಟಿನ ಡಬ್ಬದ ಬೀಗದ ಕೈ ಇನ್ನು ಇವಳ ಹತ್ರ ಇರುತ್ತೆ."

ಪ್ರಯೋಗ ಮತ್ತೆ ಮೊದಲಿಂದ ನಡೆಯಿತು. ನಾಲ್ಕು ಪಾತ್ರೆ: ಪೂರ್ತಿ ಯೀಸ್ಟಿನವು ಎರಡು, ಅರ್ಧ ಯೀಸ್ಟಿನವು ಎರಡು; ಪ್ರತಿ ಜೋಡಿಯಲ್ಲೂ ಮದ್ದಿದ್ದದ್ದೊಂದು, ಇಲ್ಲದ್ದೊಂದು. ಸ್ಟೂಲು ಅಡುಗೆಮನೆಗೆ ಮರಳಿತು. ಆದರೆ ಅದರ ಮೇಲೆ ತಕ್ಕಡಿ ಹಿಡಿದು ಕುಳಿತದ್ದು ಹುಡುಗಿ. ಮೂರು ತಿಂಗಳು ಇಬ್ಬರ ನಡುವೆ ಚಮಚದ ಸದ್ದು ಬಿಟ್ಟರೆ ಬೇರೆ ಮಾತಿಲ್ಲ.

ಕೊನೆಗೆ ಅರ್ಧ ಯೀಸ್ಟಿನ ನೊಣಗಳು ಮದ್ದಿದ್ದರೂ ಇಲ್ಲದಿದ್ದರೂ ಒಂದೇ ಸಮ ಚುರುಕಾಗಿ ಹತ್ತಿದವು; ಪೂರ್ತಿ ಯೀಸ್ಟಿನವು ಮದ್ದಿದ್ದರೂ ಹೆಚ್ಚಿನವು ತಳದಲ್ಲೇ ಉಳಿದವು. ಮೇಡಂ ಅತ್ತಿಗೆಯ ಬೆನ್ನು ತಟ್ಟಿ, ಉತ್ಸಾಹದಿಂದ ಏನೇನೋ ಬರೆದುಕೊಳ್ಳುತ್ತ ಹೋದರು.

"ನಿಮ್ಮ ಗಂಜಿನೇ ಗೆದ್ದಿತಲ್ಲ ಆಂಟಿ. ಇನ್ನು ಮೇಡಂ ನಿಮ್ಮನ್ನ ಬಿಟ್ಟು ಏಳೋದೇ ಇಲ್ಲ" ಎಂದಳು ಹುಡುಗಿ, ತಲೆ ಎತ್ತದೆ.

ಆ ದನಿಯಲ್ಲಿದ್ದ ಉರಿ ಅತ್ತಿಗೆಗೆ ಹಳೆಯ ಪರಿಚಯ. ಅವರು ಇನ್ನೊಂದು ಲೋಟ ತೊಳೆದು, ತಮ್ಮ ಚಹಾವನ್ನು ಅದಕ್ಕಿಷ್ಟು ಬಗ್ಗಿಸಿ ಅವಳ ಮುಂದೆ ಇಟ್ಟರು.

"ಕುಡಿ. ಸಕ್ಕರೆ ಸರಿಯಾಗೇ ಹಾಕಿದ್ದೀನಿ."