ಗಂಧಕ ಮುಳುಗಿದ ದಿನ

ಪುಟ್ಟ ಗ್ಲಾಸಿನ ಅಂಚಿಗಿಂತ ಕೂದಲೆಳೆಯಷ್ಟು ಮೇಲೇರಿಯೂ ಚೆಲ್ಲದೆ ನಿಲ್ಲುವ ಕಟಿಂಗ್ ಚಹಾವನ್ನು ನೀವೂ ನೋಡಿರುತ್ತೀರಿ. ದ್ರವದ ಒಡಲಲ್ಲಿರುವ ಕಣವನ್ನು ನೆರೆಯ ಕಣಗಳು ಎಲ್ಲ ದಿಕ್ಕಿನಿಂದಲೂ ಸೆಳೆಯುತ್ತವೆ. ಮೇಲ್ಮೈಯಲ್ಲಿರುವುದಕ್ಕೆ ಮೇಲೆ ಯಾರೂ ಇಲ್ಲ, ಹಾಗಾಗಿ ಒಳಮುಖದ ಸೆಳೆತವೇ ಅದರ ಪಾಲಿಗೆ. ಇದೇ ಮೇಲ್ಮೈ ಕರ್ಷಣ ಎಂದು ಮುಲುಂಡಿನ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಎಂಬತ್ತರ ದಶಕದುದ್ದಕ್ಕೂ ಗಂಭೀರವಾಗಿ ಬೋಧಿಸಿದವನು ನಾನು. ಅಳೆಯಲು ಮಾತ್ರ ಮೊದಮೊದಲು ಬರುತ್ತಿರಲಿಲ್ಲ. ಸಪೂರ ಗಾಜಿನ ನಳಿಗೆಯಲ್ಲಿ ನೀರು ಏರಿದ ಎತ್ತರ ನೋಡಿ ಲೆಕ್ಕ ಹಾಕಿದರೆ, ಸೆಂಟಿಮೀಟರಿಗೆ ಎಪ್ಪತ್ತೆರಡು ಡೈನ್ ಬರಬೇಕಾದಲ್ಲಿ ನನಗೆ ಅರವತ್ತೂ ದಾಟುತ್ತಿರಲಿಲ್ಲ.

ನನ್ನ ಮಾನ ಉಳಿಸಿದವರು ಲ್ಯಾಬ್ ಅಟೆಂಡೆಂಟ್ ಖಾಜಾಸಾಬರು. ಬಿಜಾಪುರದ ಕಡೆಯವರು, ಮಿತಭಾಷಿ. “ಸರ್ರ, ನಳಿಗಿಗೆ ಬಟ್ಟು ಹಚ್ಚಬ್ಯಾಡ್ರಿ. ಕೈ ಜಿಡ್ಡು ಹತ್ತಿದ್ರ ನೀರು ಏರಂಗಿಲ್ಲ” ಎಂದು ತಾವೇ ತೊಳೆದುಕೊಟ್ಟರು. ನೀರು ಏರಿತು. ಮುಂದೆ ಹನ್ನೊಂದು ವರ್ಷ ನಮ್ಮ ಮಾತುಕತೆ ಗಾಜು, ನೀರು, ಬೀಗದಕೈಗಳನ್ನು ದಾಟಲಿಲ್ಲ.

ಒಂದು ಬೇಸಗೆಯಲ್ಲಿ ಅವರು ಬಡಕಲಾದರು. ಡಬ್ಬಿಯ ಊಟ ಮುಟ್ಟುತ್ತಿರಲಿಲ್ಲ, ಮೈ ಕೆರೆದುಕೊಳ್ಳುತ್ತಿದ್ದರು. ಡಾಕ್ಟರಿಗೆ ತೋರಿಸಿ ಎಂದರೆ, “ಬಿಸಿಲಿಗ್ರಿ, ತಾನ ಹೋಗ್ತದ” ಎನ್ನುತ್ತಿದ್ದರು. ಆಗ ಕಾಮಾಲೆಯ ಶಂಕೆ ಬಂದು ನನಗೊಂದು ಹಳೆಯ ಪರೀಕ್ಷೆ ನೆನಪಾಯಿತು: ಮೂತ್ರದ ಮೇಲೆ ಗಂಧಕದ ನುಣ್ಣನೆ ಪುಡಿ ಉದುರಿಸಿದರೆ ಅದು ತೇಲಬೇಕು, ಪಿತ್ತದ ಲವಣ ಬೆರೆತಿದ್ದರೆ ಮೇಲ್ಮೈ ಕರ್ಷಣ ಕುಗ್ಗಿ ಪುಡಿ ಮುಳುಗುತ್ತದೆ. ಕೇಳಲು ಎರಡು ದಿನ ಸಂಕೋಚಪಟ್ಟೆ. ಪ್ರಯೋಗವೆಂದ ಮೇಲೆ ಅವರು ಇಲ್ಲವೆನ್ನಲಿಲ್ಲ.

ಎರಡು ಬೀಕರ್ ಇಟ್ಟೆವು. ಬರಿಯ ನೀರಿನ ಮೇಲೆ ಹಳದಿ ಪುಡಿ ಹಾಗೇ ನಿಂತಿತು. ಇನ್ನೊಂದರಲ್ಲಿ ನೋಡುನೋಡುತ್ತಲೇ ತಳಕ್ಕಿಳಿಯಿತು.

“ಬೀಕರ್ ನಾ ಬರೋಬರ್ ತೊಳದಿಲ್ರಿ,” ಎಂದರು ಖಾಜಾಸಾಬರು. “ಇನ್ನೊಮ್ಮೆ ಮಾಡೂನು.”

ಹನ್ನೊಂದು ವರ್ಷಗಳಲ್ಲಿ ಅವರು ಗಾಜು ಸರಿಯಾಗಿ ತೊಳೆಯದ ದಿನವಿರಲಿಲ್ಲ. ಆದರೂ ಮತ್ತೆ ತೊಳೆದರು, ಬಹಳ ಹೊತ್ತು, ನನಗೆ ಬೆನ್ನು ಮಾಡಿ ನಿಂತು. ಪುಡಿ ಮತ್ತೆ ಮುಳುಗಿತು. ಅವರು ಅದನ್ನೇ ನೋಡುತ್ತಾ, “ಮನಿಯಾಗ ಹೆಂಗ ಹೇಳ್ಲಿ ಸರ್ರ?” ಎಂದರು. “ನಾನೂ ಬರ್ತೀನಿ, ನಡೀರಿ” ಎಂದೆ.

ಅಂದೇ ಲೋಕಲ್ ರೈಲು ಹಿಡಿದು ಆಸ್ಪತ್ರೆಗೆ ಹೋದೆವು. ಪಿತ್ತನಾಳಕ್ಕೆ ಕಲ್ಲು ಅಡ್ಡ ಕೂತಿತ್ತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತೆಂದರು ಡಾಕ್ಟರು. ಆಪರೇಷನ್ ಆಯಿತು, ಅವರು ಉಳಿದರು.

ನಾಲ್ಕನೆಯ ದಿನ ವಾರ್ಡಿನಲ್ಲಿ ದಿಂಬಿಗೊರಗಿ ಕೂತಿದ್ದರು. ನಾನು ಸ್ಟೂಲಿನ ಮೇಲೆ. ಅವರೇ ಕೇಳಿದರು: “ಸರ್ರ, ನಿಮ್ಮೂರು ಯಾವುದ್ರಿ?”

ಮೈಸೂರು ಎಂದೆ. ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳಿದರು. ಹೇಳುತ್ತಾ ಹೋದೆ; ಭೇಟಿಯ ವೇಳೆ ಮುಗಿಯಿತೆಂದು ನರ್ಸ್ ಎರಡು ಸಲ ಬಂದು ನನ್ನನ್ನು ಎಬ್ಬಿಸಬೇಕಾಯಿತು.