ಧರಣೇಂದ್ರ ಗೌಡರ ಕವಣೆ ವಿದ್ಯೆ

ಚೇಕಾಡಿಯ ಧರಣೇಂದ್ರ ಗೌಡರು ಊರಿಗೆ ಎರಡು ವಿಷಯ ಮರೆಯಲು ಬಿಡುತ್ತಿರಲಿಲ್ಲ: ತಮ್ಮ ಗದ್ದೆ ಮತ್ತು ತಮ್ಮ ಹತ್ತನೆಯ ತರಗತಿ. ಗದ್ದೆ ಅಪ್ಪ ಮಾಡಿಟ್ಟದ್ದು. ಓದು ಸ್ವಂತದ್ದು, ಅದು ನೋಡಿದರೇ ಗೊತ್ತಾಗುತ್ತಿತ್ತು.

ಪಕ್ಕದ ಪುಲ್ಪಳ್ಳಿಯಲ್ಲಿ ಪೊಲೀಸರ ಮೇಲೆ ನಕ್ಸಲೀಯರ ದಾಳಿಯಾದ ವಾರ ಗೌಡರಲ್ಲಿ ವೀರರಸ ಉಕ್ಕಿತು. ಮೊದಲು ಬಾಗಿಲಿಗೆ ಮೂರು ಅಗುಳಿ ಹಾಕಿಸಿದರು. ಆಮೇಲೆ ಶತ್ರುವನ್ನು ಹುಡುಕಿದರು. ಕಾಡಿನಲ್ಲಿ ಜಿಗಣೆ ಇದ್ದುದರಿಂದ ಶತ್ರು ಗದ್ದೆಯಲ್ಲೇ ಸಿಕ್ಕಳು. ಅವಳ ಹೆಸರು ನೀಲಿ; ಏರುಮಾಡದಲ್ಲಿ, ಎಂದರೆ ಮರದ ಮೇಲಿನ ಅಟ್ಟಣೆಯಲ್ಲಿ ಕೂತು, ಹಗ್ಗದ ಕವಣೆ ಬೀಸಿ ಗಿಳಿ, ಹಂದಿ ಓಡಿಸುವವಳು. ಆ ಕಾವಲಿಗೆ ಸಿಗುವ ಭತ್ತವೇ ಅವಳ ವರ್ಷದ ಅನ್ನ.

"ಕವಣೆ ಅಂದ್ರೆ ಆಯುಧ. ಇಲ್ಲಿ ಕೊಡು, ಇಲ್ಲಾಂದ್ರೆ ಪೊಲೀಸರಿಗೆ ಹೇಳ್ತೇನೆ. ಇನ್ನು ಕಾವಲು ನಂದೇ."

"ಬೀಸೋಕೆ ಬರ್ತದಾ ಗೌಡ್ರೇ?"

"ಕೇಂದ್ರಾಪಗಾಮಿ ಬಲ ಕೇಳಿದ್ದೀಯಾ? ಕಲ್ಲು ನಡುವಿಂದ ಹೊರಗೆ ಓಡ್ತದೆ. ಹಗ್ಗ ಚಾಚಿದ ಕಡೆಗೇ."

"ಇಲ್ಲ ಗೌಡ್ರೇ. ಬಿಟ್ಟಾಗ ಎತ್ತ ಓಡ್ತಿತ್ತೋ ಅತ್ತಲೇ ನೆಟ್ಟಗೆ ಹೋಗ್ತದೆ. ಹಗ್ಗಕ್ಕೆ ಅಡ್ಡ."

"ನೀನು ಯಾವ ಶಾಲೆಗೆ ಹೋಗಿದ್ದೆ?"

ಎದುರಿನ ಬದುವಿನ ಮೇಲೆ ಮಣ್ಣಿನ ಕೊಡ ಇಡಿಸಿದರು. ಅದು ಒಡೆದರೆ ನೀಲಿ ಮರ ಇಳಿಯಬೇಕು. ಗೌಡರು ಪಂಚೆ ಎತ್ತಿ ಕಟ್ಟಿ, ತಲೆಯ ಸುತ್ತ ಕವಣೆ ತಿರುಗಿಸಿ, ಹಗ್ಗ ಸರಿಯಾಗಿ ಕೊಡದತ್ತ ಚಾಚಿದಾಗ ಬಿಟ್ಟರು. ಹತ್ತನೆಯ ತರಗತಿಗೆ ಎಳ್ಳಷ್ಟೂ ಮರ್ಯಾದೆ ಕೊಡದ ಕಲ್ಲು ಎಡಕ್ಕೆ ನೆಟ್ಟಗೆ ಹಾರಿ, ರಸ್ತೆಗೆ ಬಂದ ಪೊಲೀಸ್ ಜೀಪಿನ ದೀಪ ಒಡೆಯಿತು.

ಹೊಸ ಎಸ್ಸೈ ಇಳಿದ. "ನಕ್ಸಲೀಯನಾ? ಜೀಪು ಹತ್ತು."

"ಕೊಡಕ್ಕೆ ಗುರಿ ಇಟ್ಟಿದ್ದೆ ಸಾರೇ."

"ಕೊಡ ಅಲ್ಲಿ, ಜೀಪು ಇಲ್ಲಿ. ನನಗೆ ಕಣ್ಣಿಲ್ವಾ?"

ಗೌಡರು ನೀಲಿಗೆ ಕೈಮುಗಿದರು. "ನೀಲೀ, ಹೇಳು ತಾಯಿ, ಹಗ್ಗಕ್ಕೆ ಅಡ್ಡ ಹೋಗ್ತದೆ ಅಂತ ಹೇಳು."

"ನಾಳೆ ಕಾವಲಿಗೆ ಯಾರು ಗೌಡ್ರೇ?"

"ನೀನೇ."

"ಕವಣೆ?"

"ನಿಂದೇ, ನಿಂದೇ."

ನೀಲಿ ಎಸ್ಸೈ ಕಡೆ ತಿರುಗಿದಳು. "ಇವರಿಗೆ ಕಲ್ಲು ಬಿಡೋ ಹೊತ್ತು ಗೊತ್ತಿಲ್ಲ ಸಾರೇ. ಇನ್ನೊಮ್ಮೆ ಬೀಸಲಿ, ನೋಡಿ."

ಎಸ್ಸೈ ಮೊದಲು ಜೀಪನ್ನು ಹಿಂದಕ್ಕೆ ತೆಗೆಸಿದ. ಗೌಡರು ಪ್ರಾಣ ಪಣಕ್ಕಿಟ್ಟು ಮತ್ತೆ ಕೊಡಕ್ಕೇ ಬೀಸಿದರು. ಕಲ್ಲು ಜೀಪು ನಿಂತಿದ್ದ ಜಾಗಕ್ಕೇ ಬಿತ್ತು.

"ಬಿಟ್ಟುಬಿಡಿ," ಎಂದ ಎಸ್ಸೈ ಪೇದೆಗಳಿಗೆ. "ಇವನನ್ನು ಸೇರಿಸಿಕೊಂಡ್ರೆ ನಕ್ಸಲೀಯರೇ ಹಾಳಾಗ್ತಾರೆ."

ಮುಂದೆ ಇಪ್ಪತ್ತು ವರ್ಷ, ತಾನೊಬ್ಬನೇ ಪೊಲೀಸರನ್ನು ಎದುರಿಸಿದ ಕಥೆಯನ್ನು ಗೌಡರು ಕೇಣಿಚಿರದ ಚಹಾದಂಗಡಿಯಲ್ಲಿ ಹೇಳಿದರು. ಕೊಡವನ್ನು ನೀಲಿ ಅಂದೇ ಏರುಮಾಡಕ್ಕೆ ಒಯ್ದಿದ್ದಳು. ಒಂದು ಬಿರುಕೂ ಇರಲಿಲ್ಲ.