ಗೋಪಾಲರಾಯರ ವೇಳಾಪಟ್ಟಿ

2012ರ ಜೂನ್ 11, ಸೋಮವಾರ, ಸಂಜೆ ಐದು ಗಂಟೆ ಮೂವತ್ತೆರಡು ನಿಮಿಷಕ್ಕೆ ಗೋಪಾಲರಾಯರು ಜಮಖಂಡಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕುಳಿತು ಸುಳ್ಳು ಹೇಳುತ್ತಿದ್ದರು.

"ಚಿಮ್ಮಡದ ಗಾಡಿ ಎಷ್ಟಕ್ಕರೀ?" ಎಂದಳು ಕಾಯಿಪಲ್ಲೆ ಮಾರುವ ಕೆಂಪವ್ವ.

"ಆರಕ್ಕ. ಲಗೂ ಬಾ ಯವ್ವಾ."

ಗಾಡಿ ಇದ್ದದ್ದು ಆರೂ ಹತ್ತಕ್ಕೆ. ಕೆಂಪವ್ವ ಚಹಾ ಕುಡಿದು, ಎಲೆಅಡಿಕೆ ಹಾಕಿಕೊಂಡು, ಆರೂ ಎಂಟಕ್ಕೆ ಬಂದಳು. ಗಾಡಿ ಸಿಕ್ಕಿತು. ಆರು ಎಂದರೆ ಆರೂ ಎಂಟು ಎಂದು ಅವಳ ಕಾಲಿಗೇ ರೂಢಿಯಾಗಿ ಇಪ್ಪತ್ತಾರು ವರ್ಷವಾಗಿತ್ತು.

ಮರುದಿನದಿಂದ ಕಿಟಕಿ ಮುಚ್ಚಲಿತ್ತು. ಬಸ್ ವೇಳೆ ತಿಳಿಸುವ ಹಳೆಯ ಜಾಲತಾಣ ಊರಿನ ಸಂಕೇತ ಸಂಖ್ಯೆ ಕೇಳುತ್ತಿತ್ತು. ಅದು ಬಾಯಿಪಾಠವಿದ್ದವರು ಗೋಪಾಲರಾಯರೊಬ್ಬರೇ, ಅವರಿಗೆ ಜಾಲತಾಣ ಬೇಕಿರಲಿಲ್ಲ. ಹೀಗಾಗಿ ಬೆಳಗಾವಿಯಿಂದ ಮೃಣಾಲಿನಿ ಎಂಬ ಹುಡುಗಿ ಬಂದು, ಮೂರು ತಿಂಗಳು ಪ್ರಯಾಣಿಕರ ಪಕ್ಕ ಕುಳಿತು, ಯಾರು ಎಲ್ಲಿ ತಡವರಿಸುತ್ತಾರೆಂದು ಬರೆದುಕೊಂಡು ಅದನ್ನು ಹೊಸದಾಗಿ ಕಟ್ಟಿದ್ದಳು. ವೇಳೆಯನ್ನು ಮಾತ್ರ ಕಚೇರಿಯ ಪಟ್ಟಿಯಿಂದ ಎತ್ತಿಕೊಂಡಿದ್ದಳು. ಈಗ ನಿಲ್ದಾಣದ ಪರದೆಯ ಮೇಲೆ ಊರಿನ ಹೆಸರು ಮುಟ್ಟಿದರೆ ಸಾಕು, ಅದೇ ಬಾಯಿಬಿಟ್ಟು ಹೇಳುತ್ತಿತ್ತು. ಒಂದು ತಿಂಗಳ ಪರೀಕ್ಷೆ. ಪರದೆ ಗೆದ್ದರೆ ಕಿಟಕಿ ಕಾಯಂ ಬಂದ್; ನಿವೃತ್ತಿಗೆ ಎರಡು ವರ್ಷವಿದ್ದ ರಾಯರು ಬಾಗಲಕೋಟೆಯ ಟೈರ್ ಗೋದಾಮಿಗೆ.

ಪರದೆ ನಿಖರವಾಗಿ ಆರೂ ಹತ್ತು ಎಂದಿತು. ಕೆಂಪವ್ವ ಆರೂ ಹದಿನೆಂಟಕ್ಕೆ ಬಂದಳು.

"ಸುಳ್ಳ ಹೇಳತೈತಿ, ಸುಡಗಾಡ ಡಬ್ಬಿ!" ಎಂದು ಬುಟ್ಟಿ ಕುಕ್ಕಿದಳು. "ನಮ್ಮ ರಾಯರು ಒಂದ್ ದಿನಾ ಸುಳ್ಳ ಹೇಳಿದವರಲ್ಲ."

ಮೃಣಾಲಿನಿ ಓಡಿ ಬಂದಳು. ಅಕ್ಷರ ದೊಡ್ಡದು ಮಾಡಿದಳು, ಬಣ್ಣ ಬದಲಿಸಿದಳು, ದನಿ ಏರಿಸಿದಳು. ಜನ ತಡವಾಗಿಯೇ ಬಂದರು.

"ಎಲ್ಲಿ ತಪ್ಪಾಗೇದ ತಿಳೀವಲ್ದು ಕಾಕಾ," ಎಂದು ಮುಚ್ಚಿದ ಕಿಟಕಿಯ ಮುಂದೆ ರಾಯರ ಪಕ್ಕ ಕುಳಿತುಬಿಟ್ಟಳು.

ಗೋಪಾಲರಾಯರು ಸುಮ್ಮನಿದ್ದರೆ ಸಾಕಿತ್ತು. ಪರೀಕ್ಷೆಗೆ ಉಳಿದದ್ದು ಹನ್ನೊಂದು ದಿನ. ಆದರೆ ಅಂದು ಕೆಂಪವ್ವ ಮೂರನೇ ಸಲ ಗಾಡಿ ತಪ್ಪಿಸಿಕೊಂಡು, ಬುಟ್ಟಿಯನ್ನು ತಲೆಗೆ ಮರೆಮಾಡಿ ಮಳೆಯಲ್ಲಿ ಟಂಟಂ ರಿಕ್ಷಾ ಹುಡುಕುತ್ತ ಹೋದದ್ದನ್ನು ಅವರು ನೋಡಿದ್ದರು.

"ನಿನ್ನ ಡಬ್ಬೀದೇನೂ ತಪ್ಪಿಲ್ಲವಾ, ತಪ್ಪು ನಂದದ," ಎಂದರು. "ಚಿಮ್ಮಡದವರಿಗೆ ಹತ್ತು ನಿಮಿಷ ಮೊದಲ ಹೇಳ್ತಿದ್ದೆ. ಹುನ್ನೂರಿನವರಿಗೆ ಹನ್ನೆರಡು. ಬನಹಟ್ಟಿಗೆ ನಾಕ ಸಾಕು; ಮಗ್ಗದ ಮಂದಿ ಹೊತ್ತಿಗೆ ಬರ್ತಾರ."

ಮೃಣಾಲಿನಿ ಅದರಂತೆ ಊರೂರಿನ ವೇಳೆ ತಿದ್ದಿದಳು. ಜಾಲತಾಣ ಸುಳ್ಳು ಹೇಳಲು ಕಲಿತ ದಿನದಿಂದ ಜನ ಅದನ್ನು ನಂಬಿದರು. ತಿಂಗಳ ಕೊನೆಗೆ ಮೇಲಿನವರು ಅವಳಿಗೆ ಪ್ರಶಂಸಾಪತ್ರ ಕೊಟ್ಟರು, ರಾಯರಿಗೆ ವರ್ಗಾವಣೆ ಪತ್ರ.

ರಾಯರು ಬಾಗಲಕೋಟೆಗೆ ಹೊರಟ ದಿನ ಅವಳಿಗೇನೋ ಹೊಳೆಯಿತು.

"ಕಾಕಾ, ಮೂರು ತಿಂಗಳು ಪ್ರತಿ ಶನಿವಾರ ಬೆಳಗಾವಿ ಗಾಡಿ ನಿಮ್ಮನ್ನ ಕೇಳೇ ಹತ್ತೀನಿ. ಒಂದೂ ತಪ್ಪಲಿಲ್ಲ. ನನಗೂ ಸುಳ್ಳು ಹೇಳಿದ್ರೇನು?"

"ಹೇಳದ ಬಿಡ್ತೀನೇನು? ಓದಿದಾಕಿ ನೀ."

"ಎಷ್ಟು?"

ಗೋಪಾಲರಾಯರು ಕನ್ನಡಕ ಒರೆಸಿಕೊಂಡರು.

"ಇಪ್ಪತ್ತೈದು ನಿಮಿಷ."